ಮತದಾನಕ್ಕೆ ಮೂರು ದಿನವಿರುವಾಗ ಆಸ್ಪತ್ರೆ ಸೇರಿದವರ ಮತ ಏನಾಗುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮಲ್ಲಿ ಮೇ 7ರಂದು ಮತದಾನವಿತ್ತು. ಮೇ 4ರ ಬೆಳಿಗ್ಗೆ 71 ವರ್ಷದ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗುಂಬೆ ಘಾಟಿ ಇಳಿಸಿ ಕರಾವಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿಯವರು ಏಪ್ರಿಲ್ 26ಕ್ಕೇ ಮತ ಹಾಕಿ ಮುಗಿಸಿದ್ದರು. ಇಂಜೆಕ್ಷನ್ ಕೊಡಲು ಬಂದ ನರ್ಸ್ ಬೆರಳಿನ ಶಾಯಿ ನೋಡಿ ಅಪ್ಪ ‘ನನ್ನ ವೋಟು?’ ಎಂದು ಕೇಳಿದರು. ಅಮ್ಮ ಮತ್ತು ನಾನು ಅವರ ಜೊತೆಗೇ ಉಳಿದದ್ದರಿಂದ ಒಟ್ಟು ಮೂರು ಮತ ಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ ಅಲ್ಲಿಯ ಪೌರನಾಗಿ ನೆಲೆಸಿರುವ ನನ್ನ ಅಕ್ಕನ ಮಗ ಮತದಾನದ ಹಿಂದಿನ ರಾತ್ರಿ ಅಪೆಂಡಿಕ್ಸ್ ಆಪರೇಷನ್ ಆಗಿಯೂ ಆಸ್ಪತ್ರೆಯಿಂದಲೇ ಮತ ಹಾಕಿದನಂತೆ. ನಮ್ಮಲ್ಲಿ ಇಂಥ ವ್ಯವಸ್ಥೆ ಇದೆಯೇ? ಇದ್ದೂ ನಮಗೆ ಗೊತ್ತಾಗದೆ ತಪ್ಪಿತೇ? ಮುಂದೆ ಹೀಗಾದರೆ ಏನು ಮಾಡಬೇಕು? ಮನೆಯಲ್ಲಿ 87 ವರ್ಷದ ಅಜ್ಜಿಯೂ ಇದ್ದಾರೆ.

ಉತ್ತರ: ತಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ತಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಅದೇ ಎಂದು ಪತ್ರ ಓದಿದಾಗ ಅನ್ನಿಸಿತು. ತಮ್ಮ ಅರಿವಿಗೆ ಬಾರದೆ ಯಾವ ಅವಕಾಶವೂ ಕೈತಪ್ಪಿಲ್ಲ. ಮೇ 4ರಂದು ಬಿದ್ದು ಮೇ 7ರಂದು ಆಸ್ಪತ್ರೆಯ ಮಂಚದ ಮೇಲಿದ್ದ 71 ವರ್ಷದ ಮತದಾರರಿಗೆ ತಮ್ಮ ಮತಗಟ್ಟೆಯ ಹೊರಗೆ ಮತ ಚಲಾಯಿಸುವ ಯಾವ ದಾರಿಯನ್ನೂ ನಮ್ಮ ಕಾನೂನು ಇಟ್ಟಿಲ್ಲ. ಅವರ ಪಕ್ಕದಲ್ಲಿ ಕುಳಿತಿದ್ದ ತಮಗೂ ತಮ್ಮ ತಾಯಿಯವರಿಗೂ ಇಟ್ಟಿಲ್ಲ. ಚುನಾವಣಾ ಕಚೇರಿಗೆ ಹತ್ತು ಸಲ ಫೋನ್ ಮಾಡಿದ್ದರೂ ಇದೇ ಉತ್ತರ ಬರುತ್ತಿತ್ತು.

ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ನಮ್ಮ ಕಾನೂನು ‘ಗೈರುಹಾಜರಿ’ ಎಂಬುದನ್ನು ಹೇಗೆ ನೋಡುತ್ತದೆ ಎಂದು ಗಮನಿಸಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 60ನೇ ಕಲಮೂ ಅದರಡಿಯ ನಿಯಮಗಳೂ ಅಂಚೆ ಮತಕ್ಕೆ ಅರ್ಹರಾದವರನ್ನು ‘ವರ್ಗ’ಗಳಾಗಿ ಗುರುತಿಸುತ್ತವೆ. ಸೇನೆಯವರು ಒಂದು ವರ್ಗ, ಚುನಾವಣಾ ಕೆಲಸಕ್ಕೆ ನಿಯೋಜಿತರಾದವರು ಇನ್ನೊಂದು ವರ್ಗ. ಇವರ ಜೊತೆಗೆ, ಸರ್ಕಾರದೊಡನೆ ಸಮಾಲೋಚಿಸಿ ಚುನಾವಣಾ ಆಯೋಗ ಅಧಿಸೂಚಿಸುವ ಬೇರೆ ವರ್ಗಗಳೂ ಇರಬಹುದು ಎಂದು ಆ ಕಲಮು ಹೇಳುತ್ತದೆ. ಈ ಕೊನೆಯ ಮಾತನ್ನು ಆಧರಿಸಿ 2019ರ ಅಕ್ಟೋಬರ್‌ನಲ್ಲಿ 1961ರ ಚುನಾವಣೆಗಳ ನಿರ್ವಹಣಾ ನಿಯಮಗಳಿಗೆ ತಿದ್ದುಪಡಿ ತಂದು ಹಿರಿಯ ನಾಗರಿಕರನ್ನೂ ಅಂಗವಿಕಲರನ್ನೂ ‘ಗೈರುಹಾಜರಿ ಮತದಾರರು’ ಎಂದು ಸೇರಿಸಲಾಯಿತು. ಅದೇ ನಾವು ಈಗ ‘ಮನೆಯಿಂದ ಮತ’ ಎಂದು ಕರೆಯುವ ವ್ಯವಸ್ಥೆ. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಅದು 2023ರಲ್ಲಿ ಮೊದಲ ಬಾರಿಗೆ ಬಂತು. ಆಗ ವಯೋಮಿತಿ 80 ಇತ್ತು, 2024ರ ಮಾರ್ಚ್‌ನಲ್ಲಿ ಅದನ್ನು 85ಕ್ಕೆ ಏರಿಸಲಾಯಿತು. ಅಂಗವೈಕಲ್ಯವಾದರೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಪ್ರಮಾಣಪತ್ರ ಬೇಕು, ಮತ್ತು ಮತದಾರರ ಪಟ್ಟಿಯ ದತ್ತಾಂಶದಲ್ಲಿ ಆ ಗುರುತು ಮೊದಲೇ ಇರಬೇಕು. ಇಷ್ಟನ್ನು ನೋಡಿದರೆ ಸಾಕು: ವಯಸ್ಸು, ಉದ್ಯೋಗ, ಶಾಶ್ವತವಾದ ದೇಹಸ್ಥಿತಿ ಇವು ಕಾನೂನಿನ ಕಣ್ಣಿಗೆ ಬೀಳುತ್ತವೆ. ಬಚ್ಚಲಲ್ಲಿ ಜಾರಿ ಬೀಳುವುದು ಬೀಳುವುದಿಲ್ಲ. ತಮ್ಮ ತಂದೆಯವರು ಆ ದಿನ ಯಾರಿಗಿಂತಲೂ ಹೆಚ್ಚು ಅಶಕ್ತರಾಗಿದ್ದರು, ಆದರೆ ಯಾವ ವರ್ಗಕ್ಕೂ ಸೇರಿರಲಿಲ್ಲ.

ಒಂದು ವೇಳೆ ಅವರಿಗೆ 86 ವರ್ಷವೇ ಆಗಿದ್ದರೂ ಪರಿಸ್ಥಿತಿ ಬೇರೆಯಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಮನೆಯಿಂದ ಮತ ಹಾಕಲು ಬಯಸುವವರು ನಮೂನೆ 12ಡಿಯನ್ನು ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ ಚುನಾವಣಾಧಿಕಾರಿಗೆ ತಲುಪಿಸಬೇಕು. ತಮ್ಮ ಕ್ಷೇತ್ರಕ್ಕೆ ಅಧಿಸೂಚನೆ ಹೊರಟದ್ದು 2024ರ ಏಪ್ರಿಲ್ 12ರಂದು. ಅಂದರೆ ಏಪ್ರಿಲ್ 17ಕ್ಕೆ ಆ ಬಾಗಿಲು ಮುಚ್ಚಿತು. ನಾಮಪತ್ರ ಸಲ್ಲಿಕೆಗೆ ಏಪ್ರಿಲ್ 19 ಕೊನೆಯ ದಿನ. ಕಣದಲ್ಲಿ ಯಾರಿದ್ದಾರೆಂದು ಗೊತ್ತಾಗುವುದಕ್ಕೂ ಮೊದಲೇ, ಇಪ್ಪತ್ತು ದಿನಗಳ ಆಚೆ ತನಗೆ ನಡೆಯಲು ಆಗುವುದೋ ಇಲ್ಲವೋ ಎಂದು ಮತದಾರ ತೀರ್ಮಾನಿಸಿ ಬರೆದುಕೊಡಬೇಕು! ವಯಸ್ಸಾದವರ ವಿಷಯದಲ್ಲಿ ಇದು ಒಪ್ಪಬಹುದಾದ ನಿಯಮ, ಏಕೆಂದರೆ ಮುಪ್ಪು ಹೇಳಿ ಬರುತ್ತದೆ. ಅಪಘಾತ ಹೇಳಿ ಬರುವುದಿಲ್ಲ.

ಈಗ ಮಿಷಿಗನ್‌ನ ವಿಷಯ. ತಮ್ಮ ಅಕ್ಕನ ಮಗ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಆ ರಾಜ್ಯದ ಚುನಾವಣಾ ಕಾನೂನಿನಲ್ಲಿ ‘ತುರ್ತು ಗೈರುಹಾಜರಿ ಮತಪತ್ರ’ ಎಂಬ ಪ್ರತ್ಯೇಕ ಕಲಮೇ ಇದೆ. ಮಾಮೂಲಿ ಗೈರುಹಾಜರಿ ಮತಪತ್ರಕ್ಕೆ ಅರ್ಜಿ ಹಾಕುವ ಗಡುವು ಮುಗಿದ ಮೇಲೆ ಮತದಾರನಿಗೆ ದೈಹಿಕ ಅಶಕ್ತತೆ ಉಂಟಾದರೆ, ಅಥವಾ ಕುಟುಂಬದಲ್ಲಿ ಕಾಯಿಲೆಯೋ ಸಾವೋ ಸಂಭವಿಸಿ ಊರು ಬಿಡಬೇಕಾಗಿ ಬಂದರೆ, ಮತದಾನದ ದಿನವೇ ಸಂಜೆ 4 ಗಂಟೆಯವರೆಗೆ ತುರ್ತು ಅರ್ಜಿ ಸಲ್ಲಿಸಬಹುದು. ಅರ್ಜಿ ಹೋಗುವುದು ಆ ಊರಿನ ಅಥವಾ ಟೌನ್‌ಶಿಪ್‌ನ ಕ್ಲರ್ಕ್‌ಗೆ. (ಕ್ಲರ್ಕ್ ಎಂದೊಡನೆ ನಮ್ಮ ಕಚೇರಿಗಳ ಗುಮಾಸ್ತರನ್ನು ಕಲ್ಪಿಸಿಕೊಳ್ಳಬಾರದು, ಟೌನ್‌ಶಿಪ್ ಕ್ಲರ್ಕ್ ಅಲ್ಲಿ ಜನರಿಂದಲೇ ಚುನಾಯಿತರಾದವರು, ಚುನಾವಣೆ ನಡೆಸುವ ಹೊಣೆ ಅವರದು.) ಕ್ಲರ್ಕ್ ಮತಪತ್ರವನ್ನು ತಮ್ಮ ಸಿಬ್ಬಂದಿಯ ಕೈಯಲ್ಲಿ ಕಳುಹಿಸಬಹುದು, ಇಲ್ಲವೇ ಮತದಾರ ಅರ್ಜಿಯಲ್ಲಿ ಹೆಸರಿಸಿದ ವ್ಯಕ್ತಿಗೆ ಕಚೇರಿಯಲ್ಲೇ ಕೊಡಬಹುದು. ಗುರುತು ಹಾಕಿ ಲಕೋಟೆಯಲ್ಲಿ ಮುಚ್ಚಿದ ಮತಪತ್ರ ರಾತ್ರಿ 8ಕ್ಕೆ ಮತದಾನ ಮುಗಿಯುವ ಮೊದಲು ಹಿಂದಿರುಗಬೇಕು. ಸುಳ್ಳು ಕಾರಣ ಹೇಳಿದರೆ ಅದು ಅಪರಾಧ.

ಈ ಕಲಮಿನಲ್ಲಿ ನನ್ನ ಗಮನ ಸೆಳೆಯುವುದು ‘ಕುಟುಂಬದ ಕಾಯಿಲೆ ಅಥವಾ ಸಾವು’ ಎಂಬ ಮಾತು. ರೋಗಿಯ ಜೊತೆ ಅವನ ಮನೆಯವರೂ ಮತದಿಂದ ದೂರವಾಗುತ್ತಾರೆ ಎಂಬ ಸರಳ ಲೋಕಾನುಭವ ಅದರಲ್ಲಿದೆ. ತಮ್ಮ ಮನೆಯಲ್ಲಿ ಮುರಿದದ್ದು ಒಬ್ಬರ ಮೂಳೆ, ಹೋದದ್ದು ಮೂರು ಮತ. ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಹೊರಗಿನ ಬೆಂಚಿನ ಮೇಲೆ, ಜಗಲಿಯ ಚಾಪೆಯ ಮೇಲೆ ಇಬ್ಬರು ಮೂವರು ಇರುವುದು ವಾಡಿಕೆ. ಹಾಗಾಗಿ ಈ ನಷ್ಟ ನಮ್ಮಲ್ಲಿ ಇನ್ನೂ ದೊಡ್ಡದೇ ಇರಬೇಕು.

ಬೇರೆ ದೇಶಗಳೂ ಬೇರೆಬೇರೆ ರೀತಿಯಲ್ಲಿ ಇದನ್ನು ನಿಭಾಯಿಸಿವೆ. ಬ್ರಿಟನ್ನಿನಲ್ಲಿ ವೈದ್ಯಕೀಯ ತುರ್ತು ಎದುರಾದವರು ಮತದಾನದ ದಿನ ಸಂಜೆ 5ರವರೆಗೆ ‘ತುರ್ತು ಪ್ರಾಕ್ಸಿ’ ಕೇಳಬಹುದು, ಅಂದರೆ ತಮ್ಮ ಪರವಾಗಿ ಮತ ಹಾಕಲು ಇನ್ನೊಬ್ಬರನ್ನು ನೇಮಿಸಬಹುದು. ಜರ್ಮನಿಯಲ್ಲಿ ಹಠಾತ್ ಕಾಯಿಲೆ ಬಿದ್ದವರು ಮತದಾನದ ದಿನ ಮಧ್ಯಾಹ್ನ 3ರವರೆಗೆ ಅಂಚೆ ಮತದ ಕಾಗದಪತ್ರ ಪಡೆಯಬಹುದು. ಅದನ್ನು ಲಿಖಿತ ಅಧಿಕಾರಪತ್ರದೊಂದಿಗೆ ಬೇರೊಬ್ಬರು ತಂದುಕೊಡಬಹುದು, ಆದರೆ ಒಬ್ಬರು ನಾಲ್ಕಕ್ಕಿಂತ ಹೆಚ್ಚು ಮತದಾರರ ಪರವಾಗಿ ಹೀಗೆ ಮಾಡುವಂತಿಲ್ಲ. ಆ ‘ನಾಲ್ಕು’ ಎಂಬ ಮಿತಿಯನ್ನು ನೋಡಿ, ಮನೆಯವರಿಗೆ ಸಾಕು, ದಲ್ಲಾಳಿಗೆ ಸಾಲದು.

ನಮ್ಮ ಕಾನೂನಿಗೆ ತುರ್ತಿನ ಕಲ್ಪನೆಯೇ ಇಲ್ಲವೇ ಎಂದರೆ, ಇದೆ. ಆದರೆ ಅದು ಸಿಬ್ಬಂದಿಗೆ ಮಾತ್ರ. ಚುನಾವಣಾ ಕೆಲಸಕ್ಕೆ ಹೋಗುವವರು ನಮೂನೆ 12ರಲ್ಲಿ ಮತದಾನಕ್ಕೆ ಏಳು ದಿನ ಮೊದಲು ಅರ್ಜಿ ಕೊಡಬೇಕೆಂದು 20ನೇ ನಿಯಮ ಹೇಳಿ, ಅದರ ಬೆನ್ನಿಗೇ ‘ಅಥವಾ ಚುನಾವಣಾಧಿಕಾರಿ ಅನುಮತಿಸುವ ಅದಕ್ಕಿಂತ ಕಡಿಮೆ ಅವಧಿಯಲ್ಲಿ’ ಎಂದು ಸೇರಿಸುತ್ತದೆ. ಕೊನೆಯ ಗಳಿಗೆಯಲ್ಲಿ ಡ್ಯೂಟಿ ಬಿದ್ದ ಶಿಕ್ಷಕಿಗೆ, ಪೊಲೀಸ್ ಪೇದೆಗೆ ಈ ಒಂದು ವಾಕ್ಯದಿಂದ ಮತ ಉಳಿಯುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಜೈಲಿನಲ್ಲಿರುವವರಿಗೆ ಮತವಿಲ್ಲವೆಂದು 62ನೇ ಕಲಮು ಹೇಳಿದರೂ ಮುಂಜಾಗ್ರತಾ ಬಂಧನದಲ್ಲಿರುವವರಿಗೆ ಅದು ಅನ್ವಯಿಸುವುದಿಲ್ಲ, ಅವರಿಗೆ ಅಂಚೆ ಮತದ ಹಕ್ಕಿದೆ. ಅದು ಸರಿಯಾದ ನಿಯಮವೇ, ನನ್ನ ತಕರಾರಿಲ್ಲ. ಆದರೆ ಸರ್ಕಾರ ಹಿಡಿದಿಟ್ಟವನಿಗೆ ಇರುವ ದಾರಿ ಮೂಳೆ ಮುರಿತ ಹಿಡಿದಿಟ್ಟವನಿಗೆ ಇಲ್ಲ ಎಂಬುದನ್ನು ತಮ್ಮ ತಂದೆಯವರಿಗೆ ವಿವರಿಸುವುದು ನನಗಂತೂ ಕಷ್ಟ.

ಒಮ್ಮೆ ಮಾತ್ರ ನಮ್ಮ ನಿಯಮಗಳು ಹಠಾತ್ ಕಾಯಿಲೆಯೊಂದನ್ನು ಗುರುತಿಸಿದವು. 2020ರಲ್ಲಿ ಕೋವಿಡ್ ಸೋಂಕಿತರನ್ನೂ ಶಂಕಿತರನ್ನೂ ಗೈರುಹಾಜರಿ ಮತದಾರರ ಸಾಲಿಗೆ ಸೇರಿಸಲಾಯಿತು. ಅದಕ್ಕೆ ಸಂಸತ್ತಿನ ಹೊಸ ಕಾಯ್ದೆ ಬೇಕಾಗಲಿಲ್ಲ, ನಿಯಮಗಳ ತಿದ್ದುಪಡಿ ಸಾಕಾಯಿತು. ಅಂಚೆ ಮತದ ಗಡುವು ದಾಟಿದ ಮೇಲೆ ಸೋಂಕು ತಗುಲಿದವರ ಗತಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅದೇ ವರ್ಷದ ಬಿಹಾರ ಚುನಾವಣೆಯಲ್ಲಿ ಕ್ವಾರಂಟೈನ್‌ನಲ್ಲಿದ್ದವರಿಗೆ ಮತದಾನದ ಕೊನೆಯ ಒಂದು ಗಂಟೆಯಲ್ಲಿ, ಆರೋಗ್ಯಾಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಮತಗಟ್ಟೆಗೇ ಬಂದು ಮತ ಹಾಕಲು ಬಿಡಲಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಎಣಿಕೆಯಲ್ಲಿ ಅಲ್ಲ. ತಮ್ಮ 2024ರ ಚುನಾವಣೆಯ ಎಣಿಕೆ ನಡೆದದ್ದು ಜೂನ್ 4ರಂದು, ಮತ್ತು ಎಣಿಕೆ ಆರಂಭವಾಗುವ ಗಳಿಗೆಯವರೆಗೆ ತಲುಪಿದ ಅಂಚೆ ಮತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮೇ 6ರಂದು ಆಸ್ಪತ್ರೆಯಲ್ಲಿ ಹಾಕಿಸಿದ ಮತ ಎಣಿಕೆಯ ಮೇಜಿಗೆ ಬರಲು ನಾಲ್ಕು ವಾರ ಇತ್ತು. ನಿಜವಾದ ತೊಡಕು ಮತಗಟ್ಟೆಯ ಮೇಜಿನ ಮೇಲಿರುವ ಪಟ್ಟಿಯದು. ಅಂಚೆ ಮತಪತ್ರ ಪಡೆದವರ ಹೆಸರಿನ ಮುಂದೆ ‘ಪಿಬಿ’ ಎಂದು ಗುರುತಿಸಿದ ಪ್ರತಿಯನ್ನು ಮತಗಟ್ಟೆಯ ಸಿಬ್ಬಂದಿ ಮತದಾನದ ಹಿಂದಿನ ದಿನವೇ ತೆಗೆದುಕೊಂಡು ಹೋಗಿರುತ್ತಾರೆ. ಅದಾದ ಮೇಲೆ ಯಾರಿಗಾದರೂ ಮತಪತ್ರ ಕೊಟ್ಟರೆ ಆ ಸುದ್ದಿ ಅಧ್ಯಕ್ಷಾಧಿಕಾರಿಗೆ ತಲುಪಬೇಕು, ಇಲ್ಲದಿದ್ದರೆ ಒಂದೇ ಹೆಸರಿನಲ್ಲಿ ಎರಡು ಮತ ಬೀಳಬಹುದು. ಮಲೆನಾಡಿನ ಎಷ್ಟೋ ಮತಗಟ್ಟೆಗಳಲ್ಲಿ ಫೋನಿನ ಸಿಗ್ನಲ್ ಹಿಡಿಯಲು ಗುಡ್ಡ ಹತ್ತಬೇಕೆಂಬುದು ತಮಗೆ ಗೊತ್ತೇ ಇದೆ. ಆದರೂ ಇದು ಪರಿಹಾರವಿಲ್ಲದ ತೊಡಕಲ್ಲ. ಅರ್ಜಿಯ ಗಡುವನ್ನು ಮತದಾನಕ್ಕೆ ಎರಡು ದಿನ ಮೊದಲಿಗೆ ನಿಲ್ಲಿಸಿದರೂ ತಮ್ಮ ತಂದೆಯವರಂಥ ಬಹಳ ಜನರ ಮತ ಉಳಿಯುತ್ತಿತ್ತು.

ಎರಡನೆಯ ಆತಂಕ ಗೋಪ್ಯತೆಯದು, ಇದನ್ನು ನಾನು ಹಗುರವಾಗಿ ಕಾಣಲಾರೆ. ಮಿಷಿಗನ್‌ನಂತೆ ಮನೆಯವರ ಕೈಯಲ್ಲಿ ಮತಪತ್ರ ಕೊಟ್ಟುಕಳುಹಿಸುವ ಪದ್ಧತಿಯನ್ನು ಇಲ್ಲಿ ತರಬೇಕೆಂದು ನಾನು ಹೇಳುವುದಿಲ್ಲ. 2023ರಲ್ಲಿ ಮನೆಮತದ ತಂಡವೊಂದರ ಜೊತೆ ಹೋಗಿದ್ದಾಗ ಕಂಡದ್ದು ನೆನಪಾಗುತ್ತದೆ. ನಡುಮನೆಯ ಮಂಚದ ಮೇಲೆ ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದರು. ಸಿಬ್ಬಂದಿ ರಟ್ಟಿನ ಮರೆಯನ್ನು ಅವರ ಮಡಿಲ ಮುಂದೆ, ಅಡಿಗೆ ಮಣೆಯೊಂದನ್ನು ಕೊಟ್ಟು ನಿಲ್ಲಿಸಿದರು. ವಿಡಿಯೊದವನು ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದ. ಮಗ ಮಾತ್ರ ‘ಅಮ್ಮನಿಗೆ ಕಣ್ಣು ಮಂಜು, ನಾನು ತೋರಿಸುತ್ತೇನೆ’ ಎನ್ನುತ್ತ ಮಂಚದ ತಲೆದಿಂಬಿನ ಕಡೆಯಿಂದ ಸರಿಯಲಿಲ್ಲ. ಅಜ್ಜಿ ಕನ್ನಡಕ ಏರಿಸಿ ‘ನೀನು ಅಂಗಳಕ್ಕೆ ಹೋಗು ಮಾರಾಯ, ಹೂವಿಗೆ ನೀರು ಹಾಕು’ ಎಂದರು. ಅವನು ಹೋದ. ಸರ್ಕಾರಿ ತಂಡ ಎದುರಿಗಿದ್ದಾಗ ಅವರಿಗೆ ಹಾಗೆ ಹೇಳುವ ಧೈರ್ಯವಿತ್ತು. ಮತಪತ್ರವನ್ನು ಆ ಮಗನೇ ಜೇಬಿನಲ್ಲಿಟ್ಟುಕೊಂಡು ತಂದಿದ್ದರೆ ಏನಾಗುತ್ತಿತ್ತೋ.

ಆದ್ದರಿಂದ ನಮಗೆ ಹೊಂದುವುದು ತಂಡವೇ ರೋಗಿಯ ಬಳಿ ಹೋಗುವ ಕ್ರಮ ಎಂಬುದು ನನ್ನ ಅಭಿಪ್ರಾಯ. ಅಗತ್ಯ ಸೇವೆಯವರಿಗಾಗಿ ಮತದಾನಕ್ಕೆ ಮೊದಲು ಮೂರು ದಿನ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಅಂಚೆ ಮತದಾನ ಕೇಂದ್ರ ತೆರೆಯುವ ಪದ್ಧತಿ ಈಗಾಗಲೇ ಇದೆ. ಅಂಥದೊಂದು ಕೇಂದ್ರವನ್ನು ಜಿಲ್ಲೆಯ ದೊಡ್ಡ ಆಸ್ಪತ್ರೆಗಳಿಗೆ ವಿಸ್ತರಿಸಿ, ಒಳರೋಗಿಗಳನ್ನೂ ಅವರ ಜೊತೆಗಿರುವ ಒಬ್ಬರನ್ನೂ ಒಂದು ‘ವರ್ಗ’ವೆಂದು ಅಧಿಸೂಚಿಸಿದರೆ ಕಾನೂನಿನ ಈಗಿನ ಚೌಕಟ್ಟಿನೊಳಗೇ ಕೆಲಸವಾದೀತು. ತಮ್ಮ ತಂದೆಯವರಂತೆ ಕ್ಷೇತ್ರದ ಹೊರಗಿನ ಆಸ್ಪತ್ರೆಯಲ್ಲಿರುವವರಿಗೆ ಆಯಾ ಕ್ಷೇತ್ರದ ಮತಪತ್ರ ಒದಗಿಸುವುದು ಮಾತ್ರ ನಿಜಕ್ಕೂ ಕಠಿಣ, ಮೊದಲ ಹಂತದಲ್ಲಿ ಅದನ್ನು ನಿರೀಕ್ಷಿಸಲಾರೆ.

ನ್ಯಾಯಾಲಯಕ್ಕೆ ಹೋಗಬಹುದಿತ್ತೇ ಎಂದು ತಾವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮತ ಹಾಕುವುದು ಶಾಸನ ಕೊಟ್ಟ ಹಕ್ಕು, ಆದ್ದರಿಂದ ಶಾಸನ ಹಾಕಿದ ಮಿತಿಗಳಿಗೆ ಒಳಪಟ್ಟದ್ದು ಎಂದು ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿದೆ. ಚುನಾವಣೆ ನಡೆಯುತ್ತಿರುವಾಗ ಮಧ್ಯೆ ಪ್ರವೇಶಿಸಲು ಸಂವಿಧಾನದ 329ನೇ ವಿಧಿಯೂ ಅಡ್ಡ ಬರುತ್ತದೆ. ಮೂರು ದಿನಗಳಲ್ಲಿ ರಿಟ್ ಅರ್ಜಿಯಿಂದ ಮತಪತ್ರ ಸಿಗುವುದು ಆಗದ ಮಾತು.

ಮುಂದೆ ಹೀಗಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಬರೋಣ. ರೋಗಿ ಊರಿನಲ್ಲೇ ಇದ್ದು, ಕುರ್ಚಿಯಲ್ಲಿ ಕೂರಿಸಿ ಕರೆದೊಯ್ಯಲು ವೈದ್ಯರು ಒಪ್ಪಿದರೆ, ಮತಗಟ್ಟೆಗೆ ಹೋಗುವುದೇ ಈಗಿರುವ ಒಂದೇ ದಾರಿ. ವೈದ್ಯರು ಬೇಡವೆಂದರೆ ಬೇಡ. ಸೊಂಟದ ಮುರಿತ ಹೊತ್ತು ಯಾರೂ ಮತಗಟ್ಟೆಯ ಮೆಟ್ಟಿಲು ಹತ್ತಬಾರದು. ಹೋಗುವುದಾದರೆ ಹಿಂದಿನ ದಿನವೇ ಬಿಎಲ್‌ಒಗೆ (ಮತಗಟ್ಟೆ ಮಟ್ಟದ ಅಧಿಕಾರಿಗೆ) ಇಲ್ಲವೇ ಚುನಾವಣಾ ಸಹಾಯವಾಣಿ 1950ಕ್ಕೆ ಕರೆ ಮಾಡಿ ಗಾಲಿಕುರ್ಚಿ ಇದೆಯೇ, ಇಳಿಜಾರು ಹಾದಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ಅಶಕ್ತರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಯಂತ್ರವನ್ನು ವಾಹನದ ಬಳಿಗೆ ತರುವುದಿಲ್ಲ, ರೋಗಿಯೇ ಮರೆಯವರೆಗೆ ಹೋಗಬೇಕು. ಕೈ ನಡುಗಿ ಗುಂಡಿ ಒತ್ತಲಾಗದಿದ್ದರೆ, ಚಿಹ್ನೆ ಕಾಣದಿದ್ದರೆ 49ಎನ್ ನಿಯಮದಂತೆ 18 ತುಂಬಿದ ಒಬ್ಬರನ್ನು ಜೊತೆಗೆ ಒಳಗೆ ಬಿಡುತ್ತಾರೆ. ಅವರು ಮತದ ಗುಟ್ಟು ಕಾಯುವುದಾಗಿಯೂ ಆ ದಿನ ಬೇರೆ ಯಾರಿಗೂ ಹೀಗೆ ಸಹಾಯಕರಾಗಿಲ್ಲವೆಂದೂ ಬರೆದುಕೊಡಬೇಕು. ಸಂಜೆ 6ಕ್ಕೆ ಮುಗಿಯುವ ಮತದಾನದಲ್ಲಿ 5.55ಕ್ಕೆ ಬಾಗಿಲು ತಲುಪಿದರೂ ಸಾಕು, ಗಡುವಿನೊಳಗೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಟ್ಟು ಮತ ಹಾಕಿಸುತ್ತಾರೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಮತದಾರರ ಗುರುತಿನ ಚೀಟಿ ಎಲ್ಲೋ ಬಿಟ್ಟುಹೋಗಿದ್ದರೆ ಗಾಬರಿ ಬೇಡ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಒಂದು ಸಾಕು. ಬ್ರಿಟನ್ನಿನಲ್ಲಿ ಗುರುತಿನ ಚೀಟಿ ಕಳೆದುಕೊಂಡವರೂ ತುರ್ತು ಪ್ರಾಕ್ಸಿ ಕೇಳಬೇಕಾಗುತ್ತದೆ, ಈ ಒಂದು ವಿಷಯದಲ್ಲಿ ನಾವೇ ಉದಾರಿಗಳು.

ಅಭ್ಯರ್ಥಿಯ ಕಡೆಯವರು ಕಳುಹಿಸಿದ ವಾಹನವನ್ನು ಮಾತ್ರ ಹತ್ತಬೇಡಿ. ಮತದಾರರನ್ನು ಉಚಿತವಾಗಿ ಕರೆದೊಯ್ಯಲು ಅಭ್ಯರ್ಥಿಯಾಗಲಿ ಅವರ ಏಜೆಂಟರಾಗಲಿ ವಾಹನ ಒದಗಿಸುವುದು 123ನೇ ಕಲಮಿನ ಪ್ರಕಾರ ಭ್ರಷ್ಟಾಚರಣೆ. ಸ್ವಂತ ಕಾರೋ ನೆರೆಮನೆಯವರ ಜೀಪೋ ಇದ್ದರೆ ಅದೇ ಒಳ್ಳೆಯದು.

ತಮ್ಮ ತಂದೆಯವರ ನಡಿಗೆ ಇನ್ನೂ ಸರಿಹೋಗದೆ, ದೋಷ ಶಾಶ್ವತವೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಕೊಟ್ಟರೆ, ನಮೂನೆ 8ರಲ್ಲಿ ಅರ್ಜಿ ಹಾಕಿ ಮತದಾರರ ಪಟ್ಟಿಯಲ್ಲಿ ಆ ಗುರುತು ಮಾಡಿಸಿಡಿ. ಇದನ್ನು ಚುನಾವಣೆ ಘೋಷಣೆಯಾಗುವವರೆಗೆ ಮುಂದೂಡಬೇಡಿ. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ 12ಡಿ ಕೇಳಿಕೊಂಡು ಹೋಗುವವರಿದ್ದಾರೆ. ಅದು ರಾಜ್ಯ ಚುನಾವಣಾ ಆಯೋಗ ನಡೆಸುವ ಚುನಾವಣೆ, ಅಲ್ಲಿಗೆ ಈ 1961ರ ನಿಯಮಗಳು ಅನ್ವಯಿಸುವುದಿಲ್ಲ.

ಕೊನೆಗೆ ಅಜ್ಜಿಯವರ ವಿಷಯ. 87 ಆಗಿರುವುದರಿಂದ ಲೋಕಸಭೆ, ವಿಧಾನಸಭೆ ಎರಡಕ್ಕೂ ಅವರು ಮನೆಯಿಂದ ಮತ ಹಾಕಲು ಅರ್ಹರು. ಅಧಿಸೂಚನೆ ಹೊರಟ ಕೂಡಲೇ ಬಿಎಲ್‌ಒ 12ಡಿ ಹಿಡಿದು ಮನೆಗೆ ಬರಬೇಕು. ಎರಡು ದಿನ ಕಾದು ಬಾರದಿದ್ದರೆ ತಾವೇ ಹೋಗಿ ತನ್ನಿ. ಆದರೆ ತುಂಬುವ ಮೊದಲು ಅವರನ್ನೇ ಕೇಳಿ. ಒಮ್ಮೆ ಹೆಸರಿನ ಮುಂದೆ ‘ಪಿಬಿ’ ಬಿದ್ದರೆ ಮತದಾನದ ದಿನ ಮತಗಟ್ಟೆಗೆ ನಡೆದುಹೋದರೂ ಅವರಿಗೆ ಯಂತ್ರ ಸಿಗುವುದಿಲ್ಲ. ತಂಡ ಬಂದಾಗ ಮನೆಯಲ್ಲಿಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೆಯ ಸಲ ಬರುವುದಿಲ್ಲ. ಊರಿನ ಶಾಲೆಯವರೆಗೆ ಹೋಗಿ ನಾಲ್ಕು ಜನರನ್ನು ಕಂಡು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುವುದೇ ಅವರಿಗೆ ಇಷ್ಟವಾಗಿದ್ದರೆ 12ಡಿಯನ್ನು ಹಾಗೆಯೇ ಹಿಂದಿರುಗಿಸಿ. ಅವರ ಕಾಲಿನ ಮೇಲೆ ತಮಗೆ ಭರವಸೆ ಇಲ್ಲದಿದ್ದರೆ ಅದನ್ನೂ ಅವರಿಗೆ ತಿಳಿಹೇಳಿ, ಅವರು ಒಪ್ಪಿದ ಮೇಲೆ ಸಹಿ ಹಾಕಿಸಿ; ತಂಡ ಯಾವ ದಿನ ಬರುತ್ತದೆಂದು ಮೊದಲೇ ತಿಳಿಸುತ್ತಾರೆ, ಆ ದಿನ ಅವರನ್ನು ಮಗಳ ಮನೆಗೋ ಮದುವೆಗೋ ಕಳುಹಿಸಬೇಡಿ.